ಟೆಸ್ಟೋಸ್ಟೆರಾನೋ, ಡಿಎಚ್‌ಟಿಯೋ: ಪ್ರಾಸ್ಟೇಟ್ ಕೋಶದ ಜೀನ್‌ಗಳಲ್ಲಿ ಪರೀಕ್ಷಿಸುವ ಕ್ರಮ

ಪ್ರಾಸ್ಟೇಟ್ ಕೋಶ ಬೆಳೆಸಿದ ಪ್ಲೇಟಿಗೆ ಟೆಸ್ಟೋಸ್ಟೆರಾನ್ ಹಾಕಿ ಇನ್‌ಕ್ಯುಬೇಟರಿನಲ್ಲಿಟ್ಟು ಮಾರನೇ ದಿನ ಹೊರಗೆ ತೆಗೆದಾಗ ಅದರಲ್ಲಿ ಯಾವ ಹಾರ್ಮೋನ್ ಇರುತ್ತದೆ? ನಮ್ಮ ಬೆಂಗಳೂರಿನ ಲ್ಯಾಬಿಗೆ ಎಂಎಸ್ಸಿ ಪ್ರಾಜೆಕ್ಟಿಗೆಂದು ಬರುವ ಮಕ್ಕಳಿಗೆ ನಾನು ಕೇಳುವ ಮೊದಲ ಪ್ರಶ್ನೆ ಇದು. ‘ಟೆಸ್ಟೋಸ್ಟೆರಾನ್ ಮೇಡಂ’ ಎನ್ನುತ್ತಾರೆ, ಇಷ್ಟು ಸುಲಭದ ಪ್ರಶ್ನೆ ಯಾಕೆ ಕೇಳಿದರು ಎಂಬ ಅನುಮಾನದಲ್ಲೇ. ಒಂದಷ್ಟು ಟೆಸ್ಟೋಸ್ಟೆರಾನ್ ಉಳಿದಿರಬಹುದು. ಒಂದಷ್ಟು ಡಿಎಚ್‌ಟಿ, ಅಂದರೆ ಡೈಹೈಡ್ರೋಟೆಸ್ಟೋಸ್ಟೆರಾನ್ ಆಗಿರುತ್ತದೆ. ಉಳಿದದ್ದು ಗ್ಲುಕುರೊನೈಡ್ ಎಂಬ ಸಕ್ಕರೆಯಂಥ ತುಣುಕನ್ನು ಅಂಟಿಸಿಕೊಂಡು, ಯಾವ ಕೆಲಸಕ್ಕೂ ಬಾರದೆ ಮೀಡಿಯಾದಲ್ಲಿ, ಅಂದರೆ ಕೋಶ ಬೆಳೆಯುವ ಪೋಷಕ ದ್ರವದಲ್ಲಿ, ತೇಲುತ್ತಿರುತ್ತದೆ. ನೀವು ಪಿಪೆಟ್‌ನಲ್ಲಿ ಹಾಕಿದ್ದು ಒಂದು, ಜೀನ್ ತನಕ ತಲುಪಿದ್ದು ಇನ್ನೊಂದು. ಬೇರೆ ಬೇರೆ ಗಂಡು ಹಾರ್ಮೋನ್‌ಗಳು ಪ್ರಾಸ್ಟೇಟಿನ ಜೀನ್‌ಗಳನ್ನು ಹೇಗೆ ನಡೆಸುತ್ತವೆ ಎಂದು ಹೋಲಿಸಿ ನೋಡಹೊರಟವರು ಮೊದಲು ಲೆಕ್ಕಕ್ಕೆ ತೆಗೆದುಕೊಳ್ಳಬೇಕಾದದ್ದು ಇದನ್ನೇ.

ಹಿನ್ನೆಲೆ ಸ್ವಲ್ಪ ಬೇಕು. ವೃಷಣ ತೆಗೆದರೆ ಹರಡಿದ ಪ್ರಾಸ್ಟೇಟ್ ಕ್ಯಾನ್ಸರ್ ಕುಗ್ಗುತ್ತದೆ ಎಂದು ಚಾರ್ಲ್ಸ್ ಹಗಿನ್ಸ್ ಮತ್ತು ಕ್ಲಾರೆನ್ಸ್ ಹಾಜಸ್ 1941ರಲ್ಲಿ ತೋರಿಸಿದರು. ರೋಗಿಗಳ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಪ್ರಾಸ್ಟೇಟಿನ ಕಿಣ್ವ ಇಳಿಯುವುದನ್ನು ಅಳೆದು ಇದನ್ನು ಹೇಳಿದರು. ಹಗಿನ್ಸ್‌ಗೆ 1966ರಲ್ಲಿ ನೊಬೆಲ್ ಬಂತು. ಆಗೆಲ್ಲ ಗಂಡು ಹಾರ್ಮೋನ್ ಎಂದರೆ ಟೆಸ್ಟೋಸ್ಟೆರಾನ್ ಅಷ್ಟೇ. 1968ರಲ್ಲಿ ಬ್ರುಚೋವ್‌ಸ್ಕಿ ಮತ್ತು ವಿಲ್ಸನ್ ಇಲಿಯ ಪ್ರಾಸ್ಟೇಟಿನೊಳಗೆ ಹುಡುಕಿದಾಗ, ಕೋಶಕೇಂದ್ರದಲ್ಲಿ ಹೆಚ್ಚಾಗಿ ಸಿಕ್ಕಿದ್ದು ಡಿಎಚ್‌ಟಿ. 5-ಆಲ್ಫಾ ರಿಡಕ್ಟೇಸ್ ಎಂಬ ಕಿಣ್ವ ಟೆಸ್ಟೋಸ್ಟೆರಾನಿಗೆ ಎರಡು ಹೈಡ್ರೋಜನ್ ಸೇರಿಸಿ ಅದನ್ನು ತಯಾರಿಸುತ್ತದೆ. ಬದಲಾವಣೆ ಇಷ್ಟೇ ಇಷ್ಟು. ಆದರೆ ಇಷ್ಟೇ ಇಷ್ಟಕ್ಕೆ ಎಷ್ಟು ಬೆಲೆಯಿದೆ ಎಂದು ತಿಳಿದದ್ದು 1974ರಲ್ಲಿ, ಡೊಮಿನಿಕನ್ ಗಣರಾಜ್ಯದ ಸಲೀನಾಸ್ ಎಂಬ ಹಳ್ಳಿಯ ಕುಟುಂಬಗಳಿಂದ. ಈ ಕಿಣ್ವದ ಕೊರತೆಯಿಂದ ಅಲ್ಲಿನ ಕೆಲವು ಗಂಡುಮಕ್ಕಳು ಹುಟ್ಟಿದಾಗ ಹೆಣ್ಣಿನಂತೆ ಕಾಣುತ್ತಿದ್ದರು. ಹರೆಯ ಬಂದಾಗ ದನಿ ಒಡೆಯುತ್ತಿತ್ತು, ಮೈಕಟ್ಟು ಬಲಿಯುತ್ತಿತ್ತು, ಪ್ರಾಸ್ಟೇಟ್ ಮಾತ್ರ ಚಿಕ್ಕದಾಗಿಯೇ ಉಳಿಯುತ್ತಿತ್ತು. ಮೈಯಲ್ಲಿ ಟೆಸ್ಟೋಸ್ಟೆರಾನಿಗೆ ಕೊರತೆ ಇರಲಿಲ್ಲ. ಪ್ರಾಸ್ಟೇಟಿಗೆ ಅದು ಸಾಲಲಿಲ್ಲ.

ಹಾಗಂತ ಎರಡು ಹಾರ್ಮೋನಿಗೆ ಎರಡು ರಿಸೆಪ್ಟರ್ (ಹಾರ್ಮೋನ್ ಬಂದು ಕೂರುವ ಪ್ರೋಟೀನ್) ಇಲ್ಲ. ಇರುವುದು ಒಂದೇ ಆಂಡ್ರೋಜನ್ ರಿಸೆಪ್ಟರ್, ಆಂಡ್ರೋಜನ್ ಎಂದರೆ ಗಂಡು ಹಾರ್ಮೋನ್; ಅದರ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಹಾರ್ಮೋನ್ ಸಿಗುವ ತನಕ ಅದು ಎಚ್‌ಎಸ್‌ಪಿ90 ಮೊದಲಾದ ಸಹಾಯಕ ಪ್ರೋಟೀನುಗಳ ಜೊತೆ ಕೋಶದ್ರವದಲ್ಲಿ ಇರುತ್ತದೆ. ಹಾರ್ಮೋನ್ ಕೂತೊಡನೆ ಕೋಶಕೇಂದ್ರಕ್ಕೆ ಹೋಗಿ, ಜೋಡಿಯಾಗಿ, ಡಿಎನ್‌ಎ ಮೇಲೆ ತನಗೆ ಬೇಕಾದ ಜಾಗ ಹಿಡಿಯುತ್ತದೆ: ಎ-ಜಿ-ಎ-ಎ-ಸಿ-ಎ, ನಡುವೆ ಯಾವುದಾದರೂ 3 ಅಕ್ಷರ, ಆಮೇಲೆ ಟಿ-ಜಿ-ಟಿ-ಟಿ-ಸಿ-ಟಿ. ಜಿನೋಮಿನ ಉದ್ದಕ್ಕೂ ಇಂಥ ಜಾಗ ಬೇಕಾದಷ್ಟಿವೆ. ಪ್ರಾಸ್ಟೇಟ್ ಕೋಶದಲ್ಲಿ ಯಾವುದು ತೆರೆದಿರಬೇಕು ಎನ್ನುವುದು ಬಹುಮಟ್ಟಿಗೆ ಮೊದಲೇ ಹೋಗಿ ಕ್ರೋಮಾಟಿನ್ (ಡಿಎನ್‌ಎಯನ್ನು ಪ್ರೋಟೀನಿಗೆ ಸುತ್ತಿಟ್ಟ ಕಟ್ಟು) ಸಡಿಲಿಸಿರುವ ಫಾಕ್ಸ್‌ಎ1ನಂಥ ಪ್ರೋಟೀನುಗಳ ಕೈಯಲ್ಲಿದೆ. ಡಿಎಚ್‌ಟಿ ಈ ರಿಸೆಪ್ಟರಿನಲ್ಲಿ ಬಿಗಿಯಾಗಿ ಕೂರುತ್ತದೆ. ಟೆಸ್ಟೋಸ್ಟೆರಾನ್ ಅದಕ್ಕಿಂತ ಸುಮಾರು ಮೂರು ಪಟ್ಟು ಬೇಗ ಕಳಚಿಕೊಳ್ಳುತ್ತದೆ. ಡೋಸ್ ಏರಿಸುತ್ತಾ ಹೋದರೆ ಟೆಸ್ಟೋಸ್ಟೆರಾನೂ ಡಿಎಚ್‌ಟಿ ಮಾಡುವ ಕೆಲಸವನ್ನೇ ಮಾಡುತ್ತದೆ. ಆದ್ದರಿಂದ ಒಂದೇ ಡೋಸಿನಲ್ಲಿ ಒಂದು ಪ್ಲೇಟ್ ಮಾಡಿ ಇದು ಬಲವಾದದ್ದು, ಅದು ದುರ್ಬಲ ಎಂದು ಬರೆದ ರಿಪೋರ್ಟನ್ನು ನಾನು ಓದುವುದೇ ಇಲ್ಲ.

ಇನ್ನು ಕೆಲಸಕ್ಕೆ ಇಳಿಯೋಣ.

ಕೋಶದ ಆಯ್ಕೆ

ಪಿಸಿ-3, ಡಿಯು145 ಎಂಬ ಹೆಸರುಗಳು ನಿಮ್ಮ ಫ್ರೀಜರಿನಲ್ಲಿ ಕಂಡರೆ ಹಾಗೇ ಮುಚ್ಚಿ. ಎರಡೂ ಪ್ರಾಸ್ಟೇಟ್ ಕ್ಯಾನ್ಸರಿನವೇ, ಆದರೆ ಆಂಡ್ರೋಜನ್ ರಿಸೆಪ್ಟರ್ ಇಲ್ಲದವು. ಈ ಪ್ರಯೋಗದಲ್ಲಿ ನೆಗೆಟಿವ್ ಕಂಟ್ರೋಲ್ ಆಗಿ ಮಾತ್ರ ಉಪಯೋಗ. ಬೇಕಾದದ್ದು ಎಲ್‌ಎನ್‌ಕ್ಯಾಪ್. 1977ರಲ್ಲಿ ಅಮೆರಿಕದ ಬಫಲೋದ ರೋಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ, 50 ವರ್ಷದ ಒಬ್ಬ ರೋಗಿಯ ದುಗ್ಧಗ್ರಂಥಿಗೆ ಹರಡಿದ ಗಡ್ಡೆಯಿಂದ ಬೆಳೆಸಿದ್ದು. ನಮ್ಮಲ್ಲಿ ಹೆಚ್ಚಿನ ಲ್ಯಾಬ್‌ಗಳು ಕೋಶಗಳನ್ನು ಪುಣೆಯ ಎನ್‌ಸಿಸಿಎಸ್ (ರಾಷ್ಟ್ರೀಯ ಕೋಶವಿಜ್ಞಾನ ಕೇಂದ್ರ) ಭಂಡಾರದಿಂದ ತರಿಸುತ್ತವೆ. ಪಕ್ಕದ ಲ್ಯಾಬಿನ ಗೆಳೆಯ ‘ನನ್ನ ಹತ್ತಿರ ಇದೆ, ತಗೋ’ ಎಂದು ಕೊಟ್ಟ ಫ್ಲಾಸ್ಕಿನಲ್ಲಿ ನಿಜವಾಗಿ ಏನಿದೆ ಎಂದು ಎಸ್‌ಟಿಆರ್ ಪರೀಕ್ಷೆ (ಡಿಎನ್‌ಎಯಿಂದ ಕೋಶದ ಗುರುತು ಹಿಡಿಯುವುದು) ಮಾಡಿಸದೆ ನಂಬಬೇಡಿ, ಕಣ್ಣಿಗೆ ಕಾಣದೆ ಸೇರಿಕೊಳ್ಳುವ ಮೈಕೋಪ್ಲಾಸ್ಮಾ ಬ್ಯಾಕ್ಟೀರಿಯಾದ ಪರೀಕ್ಷೆಯನ್ನಂತೂ ಬಿಡಲೇಬೇಡಿ. ಪ್ಯಾಸೇಜ್ ನಂಬರನ್ನು, ಅಂದರೆ ಕೋಶಗಳನ್ನು ಎಷ್ಟು ಸಲ ಹೊಸ ಫ್ಲಾಸ್ಕಿಗೆ ಹಂಚಿದೆ ಎಂಬುದನ್ನು, ಫ್ಲಾಸ್ಕಿನ ಮೇಲೆ ಬರೆಯಿರಿ. ಬಹಳ ಸಲ ಪ್ಯಾಸೇಜ್ ಆದ ಎಲ್‌ಎನ್‌ಕ್ಯಾಪ್ ಹಾರ್ಮೋನಿನ ಹಂಗಿಲ್ಲದೆ ಬೆಳೆಯುವುದನ್ನು ಕಲಿತುಬಿಡುತ್ತದೆ. ಆಮೇಲೆ ನೀವು ಯಾವ ಹಾರ್ಮೋನ್ ಹಾಕಿದರೂ ಗ್ರಾಫು ಮಂಕಾಗುತ್ತದೆ.

ಎಲ್‌ಎನ್‌ಕ್ಯಾಪಿನಲ್ಲಿ ಒಂದು ಐಬು ಹುಟ್ಟಿನಿಂದಲೇ ಇದೆ. ಅದರ ರಿಸೆಪ್ಟರಿನಲ್ಲಿ 877ನೇ ಜಾಗದ ಥ್ರಿಯೊನಿನ್ ಹೋಗಿ ಅಲನಿನ್ ಬಂದಿದೆ (ಈಗಿನ ಎಣಿಕೆಯಲ್ಲಿ 878). ಆ ಒಂದು ಬದಲಾವಣೆಯಿಂದ ರಿಸೆಪ್ಟರಿನ ಆಯ್ಕೆ ಸಡಿಲಾಗಿ, ಪ್ರೊಜೆಸ್ಟೆರಾನ್, ಎಸ್ಟ್ರಾಡಯೋಲ್ ಕೂಡ ಅದನ್ನು ಚಾಲೂ ಮಾಡುತ್ತವೆ. ರಿಸೆಪ್ಟರನ್ನು ತಡೆಯಲೆಂದು ಔಷಧವಾಗಿ ಕೊಡುವ ಫ್ಲುಟಮೈಡಿನ ಸಕ್ರಿಯ ರೂಪವೇ ಇಲ್ಲಿ ತಡೆಯುವ ಬದಲು ಪ್ರಚೋದಿಸುತ್ತದೆ. ಆದ್ದರಿಂದ ತಡೆಯುವ ಕಂಟ್ರೋಲ್ ಬೇಕಾದರೆ ಎನ್ಜಲುಟಮೈಡ್ ತೆಗೆದುಕೊಳ್ಳಿ, 10 ಮೈಕ್ರೋಮೋಲಾರ್. ಮುಖ್ಯ ಫಲಿತಾಂಶವನ್ನು ವಿಕ್ಯಾಪ್ ಎಂಬ ಕೋಶದಲ್ಲೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು. ಅದರಲ್ಲಿ ರಿಸೆಪ್ಟರ್ ಮಾಮೂಲಿಯದೇ, ಪ್ರಮಾಣ ಮಾತ್ರ ಜಾಸ್ತಿ. ಬೆಳೆಯುವುದು ಬಲು ನಿಧಾನ, ಪ್ರಾಜೆಕ್ಟಿನ ಅವಧಿ ಮುಗಿಯುವುದರೊಳಗೆ ಬೇಕೆಂದರೆ ಮೊದಲ ವಾರವೇ ಫ್ರೀಜರಿನಿಂದ ತೆಗೆದು ಕರಗಿಸಿ ಬೆಳೆಯಲು ಇಡಿ.

ಕೋಶಗಳನ್ನು ಉಪವಾಸ ಹಾಕುವುದು

ಆರು ಗುಂಡಿಯ ಪ್ಲೇಟಿಗೆ ಮೊದಲು ಪಾಲಿ-ಎಲ್-ಲೈಸಿನ್ ಬಳಿಯಿರಿ. ಇದನ್ನು ಬಿಟ್ಟರೂ ಆಗುತ್ತದೆ ಎಂದು ಪ್ರೋಟೊಕಾಲ್ ಹೇಳಬಹುದು, ನಾನು ಹೇಳುವುದಿಲ್ಲ. ಎಲ್‌ಎನ್‌ಕ್ಯಾಪ್ ತಳಕ್ಕೆ ಗಟ್ಟಿಯಾಗಿ ಅಂಟುವ ಜಾತಿಯದಲ್ಲ; ತೊಳೆಯುವ ಉಪ್ಪುದ್ರಾವಣ ಪಿಬಿಎಸ್ಸನ್ನು ನೇರವಾಗಿ ಮೇಲೆ ಸುರಿದರೆ ಹಾಲಿನ ಕೆನೆ ಮಡಚಿಕೊಂಡ ಹಾಗೆ ಹಾಳೆಹಾಳೆಯಾಗಿ ಎದ್ದು ಬರುತ್ತದೆ, ಆಮೇಲೆ ಅದು ಹೀರುವ ಪಂಪಿನ ಪಾಲು. ಪಿಪೆಟ್ ತುದಿಯನ್ನು ಗುಂಡಿಯ ಗೋಡೆಗೆ ಆನಿಸಿ, ದ್ರವ ಗೋಡೆಯಿಂದಲೇ ಇಳಿಯಲಿ. ಪ್ಲೇಟನ್ನು ಸ್ವಲ್ಪ ಓರೆ ಹಿಡಿದು, ಹೀರುವಾಗ ಯಾವಾಗಲೂ ಒಂದೇ ಮೂಲೆಯಿಂದ ಹೀರಿ. ಗುಂಡಿಗೆ ಮೂರರಿಂದ ಐದು ಲಕ್ಷ ಕೋಶ ಹಾಕಿ. ಗುಂಪುಗಟ್ಟುವ ಸ್ವಭಾವ ಇರುವುದರಿಂದ ಹಾಕುವ ಮುನ್ನ ಚೆನ್ನಾಗಿ, ಆದರೆ ನೊರೆ ಬಾರದಂತೆ, ಮೇಲೆ ಕೆಳಗೆ ಮಾಡಿ ಬಿಡಿಸಬೇಕು.

ಕೋಶಗಳು ಅಂಟಿದ ಮೇಲೆ ಮೀಡಿಯಾ ಬದಲಿಸಿ. ಮಾಮೂಲಿ ಸೀರಮ್ಮಿನಲ್ಲಿ ಕರುವಿನ ಸ್ಟೆರಾಯ್ಡ್‌ಗಳು ಇರುತ್ತವೆ. ಅದರ ಬದಲು ಇದ್ದಿಲು-ಡೆಕ್ಸ್‌ಟ್ರಾನಿನಿಂದ ಸೋಸಿದ ಸೀರಮ್ ಹಾಕಬೇಕು. ಲಾಟಿನಿಂದ ಲಾಟಿಗೆ ಅದು ಬೇರೆಯಾಗುತ್ತದೆ, ಇಡೀ ಪ್ರಾಜೆಕ್ಟಿಗೆ ಸಾಕಾಗುವಷ್ಟನ್ನು ಒಂದೇ ಲಾಟಿನಲ್ಲಿ ತೆಗೆದಿಡಿ. ಮೀಡಿಯಾ ಕೆಂಪಗಿರಬಾರದು. ಫೀನಾಲ್ ರೆಡ್ ಬಣ್ಣದ ಜೊತೆ ಬರುವ ಕಲ್ಮಶಗಳಿಗೆ ಸಣ್ಣ ಈಸ್ಟ್ರೋಜನ್ ಗುಣವಿದೆ, ನಮ್ಮ ಎಲ್‌ಎನ್‌ಕ್ಯಾಪಿನ ರಿಸೆಪ್ಟರೋ ಈಸ್ಟ್ರೋಜನ್ನಿಗೂ ಓಗೊಡುವಂಥದ್ದು. ಬಣ್ಣವಿಲ್ಲದ ಆರ್‌ಪಿಎಂಐ ತರಿಸಿ. ಹೀಗೆ 48ರಿಂದ 72 ಗಂಟೆ ಇಟ್ಟರೆ ಹಳೆಯ ಹಾರ್ಮೋನಿನ ಪ್ರಭಾವ ಇಳಿಯುತ್ತದೆ. ಈ ಹೊತ್ತಿಗೆ ಕೋಶಗಳು ಸಪೂರವಾಗಿ, ಉದ್ದ ಬಾಲ ಬಿಟ್ಟುಕೊಂಡು ಕಾಣುತ್ತವೆ. ಸಾಯುತ್ತಿವೆ ಎಂದು ಗಾಬರಿಯಾಗಿ ಮಾಮೂಲಿ ಸೀರಮ್ ಹಾಕಿಬಿಡಬೇಡಿ, ಮೂರು ದಿನದ ಉಪವಾಸ ಅಷ್ಟಕ್ಕೇ ಮುಗಿಯುತ್ತದೆ.

ಹಾರ್ಮೋನ್ ತೂಗುವುದು, ಬೆರೆಸುವುದು

ಡಿಎಚ್‌ಟಿಯ ಅಣುತೂಕ 290.4. ಅಂದರೆ 2.9 ಮಿಲಿಗ್ರಾಂ ತೂಗಿ 1 ಮಿಲಿ ಎಥನಾಲಿನಲ್ಲಿ ಕರಗಿಸಿದರೆ 10 ಮಿಲಿಮೋಲಾರ್ ಸ್ಟಾಕ್. ಟೆಸ್ಟೋಸ್ಟೆರಾನ್ 288.4, ಹೆಚ್ಚುಕಡಿಮೆ ಅಷ್ಟೇ ತೂಕ. ಗಾಜಿನ ಸೀಸೆಯಲ್ಲೇ ಮಾಡಿ. ಸ್ಟೆರಾಯ್ಡ್‌ಗಳು ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುತ್ತವೆ, ಕಡಿಮೆ ಸಾಂದ್ರತೆಯಲ್ಲಿ, ನೀರಿನಂಶ ಇದ್ದಾಗ ಅದು ಎದ್ದು ಕಾಣುತ್ತದೆ. ಈ ಸ್ಟಾಕನ್ನು ಎಥನಾಲಿನಲ್ಲೇ ಇಳಿಸುತ್ತಾ 10 ಮೈಕ್ರೋಮೋಲಾರ್, 1 ಮೈಕ್ರೋಮೋಲಾರ್, 100 ನ್ಯಾನೋಮೋಲಾರ್ ಎಂದು ಮೂರು ಸೀಸೆ ಮಾಡಿಕೊಳ್ಳಿ. ಪ್ರತಿಯೊಂದರಿಂದಲೂ 1 ಮಿಲಿ ಮೀಡಿಯಾಕ್ಕೆ 1 ಮೈಕ್ರೋಲೀಟರ್ ಹಾಕಿದರೆ 10, 1 ಮತ್ತು 0.1 ನ್ಯಾನೋಮೋಲಾರ್ ಸಿಗುತ್ತದೆ, ಎಲ್ಲ ಗುಂಡಿಗಳಲ್ಲೂ ಎಥನಾಲ್ ಸಮನಾಗಿ ಶೇ. 0.1 ಇರುತ್ತದೆ. ಒಂದೇ ಸೀಸೆಯಿಂದ ಇಲ್ಲಿಗೆ 1, ಅಲ್ಲಿಗೆ 10 ಮೈಕ್ರೋಲೀಟರ್ ಎಂದು ಹಾಕುವ ಅಭ್ಯಾಸ ಬೇಡ, ಆಗ ಹಾರ್ಮೋನಿನ ಜೊತೆ ಎಥನಾಲೂ ಹತ್ತು ಪಟ್ಟಾಗುತ್ತದೆ.

ಯಾವ ಯಾವ ಗುಂಡಿ? ಬರೀ ಎಥನಾಲ್ ಒಂದು. ಟೆಸ್ಟೋಸ್ಟೆರಾನ್ ಮೂರು ಡೋಸ್, ಡಿಎಚ್‌ಟಿ ಮೂರು ಡೋಸ್. 1 ನ್ಯಾನೋಮೋಲಾರ್ ಆರ್1881. ಇದು ಕಾರ್ಖಾನೆಯಲ್ಲಿ ತಯಾರಾದ ಆಂಡ್ರೋಜನ್, ಕೋಶಕ್ಕೆ ಇದನ್ನು ಸುಲಭವಾಗಿ ಅರಗಿಸಲಾಗುವುದಿಲ್ಲ, ಹಾಗಾಗಿ ಕೊನೆಯ ತನಕ ಹಾಕಿದಷ್ಟೇ ಇರುತ್ತದೆ. ಇಲ್ಲಿಯ ತನಕ ಎಲ್ಲರೂ ಮಾಡುತ್ತಾರೆ. ಬಹಳ ಜನ ಬಿಡುವುದು ಮುಂದಿನದನ್ನು: ಟೆಸ್ಟೋಸ್ಟೆರಾನಿನ ಜೊತೆಗೆ 5-ಆಲ್ಫಾ ರಿಡಕ್ಟೇಸ್ ತಡೆಯುವ ಔಷಧ ಹಾಕಿದ ಗುಂಡಿ. ಅದಿಲ್ಲದೆ ನಿಮ್ಮ ‘ಟೆಸ್ಟೋಸ್ಟೆರಾನ್’ ಗುಂಡಿಯಲ್ಲಿ ಕೆಲಸ ಮಾಡಿದ್ದು ಯಾರು ಎಂದು ಹೇಳುವ ದಾರಿಯೇ ಇಲ್ಲ.

ಔಷಧ ಯಾವುದು ಎನ್ನುವುದೂ ಮುಖ್ಯ. ಪ್ರಾಸ್ಟೇಟ್ ಎಂದರೆ ಫಿನಾಸ್ಟರೈಡ್ ಎಂದು ಕೈ ಹೋಗುತ್ತದೆ. ಅದು ಮುಖ್ಯವಾಗಿ ಕಿಣ್ವದ ಎರಡನೇ ಬಗೆಯನ್ನು ತಡೆಯುತ್ತದೆ, ಮನುಷ್ಯನ ಮಾಮೂಲಿ ಪ್ರಾಸ್ಟೇಟಿನಲ್ಲಿ ಹೆಚ್ಚಿರುವುದೂ ಅದೇ. ಎಲ್‌ಎನ್‌ಕ್ಯಾಪಿನಲ್ಲಿ ಮೊದಲನೇ ಬಗೆಯದೇ ಕಾರುಬಾರು. ಎರಡನ್ನೂ ತಡೆಯುವ ಡ್ಯುಟಾಸ್ಟರೈಡ್ ಬೇಕು, 1 ಮೈಕ್ರೋಮೋಲಾರ್; ಅದಕ್ಕಿಂತ ಬಹಳ ಏರಿಸಿದರೆ ಔಷಧವೇ ರಿಸೆಪ್ಟರನ್ನು ಕೆಣಕುತ್ತದೆ. ಇದನ್ನು ಡಿಎಂಎಸ್‌ಒ ಎಂಬ ದ್ರಾವಕದಲ್ಲಿ ಕರಗಿಸಿದ್ದರೆ ಉಳಿದ ಎಲ್ಲ ಗುಂಡಿಗೂ ಅಷ್ಟೇ ಡಿಎಂಎಸ್‌ಒ ಹಾಕಿ. ಡ್ಯುಟಾಸ್ಟರೈಡ್ ಒಂದನ್ನೇ ಹಾಕಿದ ಗುಂಡಿ, ಡಿಎಚ್‌ಟಿ ಜೊತೆ ಡ್ಯುಟಾಸ್ಟರೈಡ್ ಹಾಕಿದ ಗುಂಡಿ ಎರಡೂ ಇರಲಿ. ಎರಡನೆಯದರಲ್ಲಿ ಡಿಎಚ್‌ಟಿಯ ಕೆಲಸ ಹಾಗೇ ನಡೆದರೆ, ಔಷಧ ಕಿಣ್ವವನ್ನು ಬಿಟ್ಟು ಬೇರೇನನ್ನೂ ಕೆಡಿಸಿಲ್ಲ ಎಂದರ್ಥ.

ಮೂತ್ರ ಕಟ್ಟುತ್ತದೆಂದು ಮನೆಯ ಹಿರಿಯರು ನುಂಗುವ ಕೆಲವು ಮಾತ್ರೆಗಳಲ್ಲಿ ಇರುವುದೂ ಫಿನಾಸ್ಟರೈಡ್, ಡ್ಯುಟಾಸ್ಟರೈಡ್ ಇವೇ ಎರಡು. ಇವನ್ನು ಆರು ತಿಂಗಳು, ವರ್ಷ ತೆಗೆದುಕೊಂಡವರ ಪಿಎಸ್‌ಎ (ಪ್ರಾಸ್ಟೇಟ್ ತಯಾರಿಸುವ, ರಕ್ತದಲ್ಲಿ ಅಳೆಯುವ ಪ್ರೋಟೀನ್) ಸುಮಾರು ಅರ್ಧಕ್ಕೆ ಇಳಿಯುತ್ತದೆ, ಅದಕ್ಕೇ ವೈದ್ಯರು ರಿಪೋರ್ಟಿನ ಅಂಕಿಯನ್ನು ಎರಡರಿಂದ ಗುಣಿಸಿ ಓದುತ್ತಾರೆ. ನೀವು ಪ್ಲೇಟಿನಲ್ಲಿ ಅಳೆಯಲಿರುವ ಜೀನಿನ ಕಥೆಯೇ ಅದು. ಡಿಎಚ್‌ಟಿ ಇಳಿಯಿತು, ಜೀನ್ ಮಂದವಾಯಿತು, ಗ್ರಂಥಿಯೂ ಕುಗ್ಗಿತು, ರಕ್ತಕ್ಕೆ ಸೋರುವ ಪ್ರೋಟೀನ್ ಕಡಿಮೆಯಾಯಿತು. ಪಿಎಸ್‌ಎ ಮಾಡಿಸುವ ಮೊದಲು ಈ ಮಾತ್ರೆ ನುಂಗುತ್ತಿರುವ ವಿಷಯ ವೈದ್ಯರಿಗೆ ಹೇಳಲೇಬೇಕು, ನಿಮ್ಮ ಮನೆಯಲ್ಲಿ ಯಾರಾದರೂ ಇದ್ದರೆ ನೆನಪಿಸಿ.

ಎಷ್ಟು ಹೊತ್ತು ಇಡಬೇಕು

4 ಗಂಟೆ, 8 ಗಂಟೆ, 24 ಗಂಟೆ. ಮೂರೂ ಬೇಕು. ಎಫ್‌ಕೆಬಿಪಿ5, ಟಿಎಂಪಿಆರ್‌ಎಸ್‌ಎಸ್2 ಬೇಗ ಎಚ್ಚರವಾಗುವ ಜೀನ್‌ಗಳು, 4 ಗಂಟೆಗೇ ಏರಿರುತ್ತವೆ. ಪಿಎಸ್‌ಎ ತಯಾರಿಸುವ ಕೆಎಲ್‌ಕೆ3 ನಿಧಾನ, 24ಕ್ಕೆ ಚೆನ್ನಾಗಿ ಕಾಣುತ್ತದೆ. ಇನ್ನು ಹಾರ್ಮೋನಿನ ಕಡೆಯಿಂದ ನೋಡಿ: ಎಲ್‌ಎನ್‌ಕ್ಯಾಪಿನಲ್ಲಿ ಯುಜಿಟಿ2ಬಿ15, ಯುಜಿಟಿ2ಬಿ17 ಎಂಬ ಕಿಣ್ವಗಳು ಧಾರಾಳವಾಗಿವೆ. ಡಿಎಚ್‌ಟಿಗೆ ಮತ್ತು ಅದರಿಂದ ಆದ ಆಂಡ್ರೋಸ್ಟೇನ್‌ಡಯೋಲಿಗೆ ಗ್ಲುಕುರೊನೈಡ್ ಅಂಟಿಸಿ ಹೊರದೂಡುವುದೇ ಇವುಗಳ ಕೆಲಸ. ಕೆಲವೇ ಗಂಟೆಗಳಲ್ಲಿ ನೀವು ಹಾಕಿದ ಡಿಎಚ್‌ಟಿಯ ದೊಡ್ಡ ಪಾಲು ಖರ್ಚಾಗಿರುತ್ತದೆ. 0.1 ನ್ಯಾನೋಮೋಲಾರ್ ಡಿಎಚ್‌ಟಿ 24 ಗಂಟೆಯಲ್ಲಿ ಸಪ್ಪೆಯಾಗಿ, ಆರ್1881 ಜೋರಾಗಿ ಕಂಡರೆ ಅದು ರಿಸೆಪ್ಟರಿನ ಇಷ್ಟಾನಿಷ್ಟವಲ್ಲ, ಒಂದು ಖಾಲಿಯಾಗಿದೆ, ಇನ್ನೊಂದು ಉಳಿದಿದೆ. ಇದರ ಮೇಲೊಂದು ತಿರುವು: ಆಂಡ್ರೋಜನ್ ಸಿಕ್ಕ ಎಲ್‌ಎನ್‌ಕ್ಯಾಪ್ ಈ ಯುಜಿಟಿ ಜೀನ್‌ಗಳನ್ನೇ ತಗ್ಗಿಸುತ್ತದೆ. ಹಾರ್ಮೋನ್ ತನ್ನನ್ನು ಹೊರದೂಡುವ ಕಿಣ್ವದ ಕೈ ತಾನೇ ಕಟ್ಟುತ್ತದೆ, ಆದರೆ ತಡವಾಗಿ.

ಅದಕ್ಕೇ ಪ್ರತಿ ಸಮಯದಲ್ಲೂ, ಸೊನ್ನೆ ಗಂಟೆಯಲ್ಲೂ ಸೇರಿ, ಅರ್ಧ ಮಿಲಿ ಮೀಡಿಯಾ ತೆಗೆದು ಗಾಜಿನ ಸೀಸೆಯಲ್ಲಿ ಮೈನಸ್ 80ರಲ್ಲಿಡಿ. ಇದನ್ನು ಎಲ್‌ಸಿ-ಎಂಎಸ್ (ಅಣುಗಳನ್ನು ಬೇರ್ಪಡಿಸಿ ತೂಕದಿಂದ ಗುರುತಿಸುವ ಯಂತ್ರ) ಇರುವ ಕಡೆ ಕೊಟ್ಟು ಅಳೆಸಿದರೆ ಯಾವ ಗುಂಡಿಯಲ್ಲಿ ಯಾವ ಹಾರ್ಮೋನ್ ಎಷ್ಟಿತ್ತು ಎಂದು ತಿಳಿಯುತ್ತದೆ. ಆಂಟಿಬಾಡಿಯಿಂದ ಅಳೆಯುವ ಎಲೈಸಾ ಕಿಟ್ ಅಗ್ಗ ನಿಜ, ಆದರೆ ಟೆಸ್ಟೋಸ್ಟೆರಾನಿನ ಆಂಟಿಬಾಡಿ ಡಿಎಚ್‌ಟಿಯನ್ನೂ ಹಿಡಿಯುತ್ತದೆ. ಇವೆರಡನ್ನು ಬೇರ್ಪಡಿಸುವುದೇ ನಮ್ಮ ಕೆಲಸವಾಗಿರುವಾಗ ಅದರಿಂದ ಏನು ಪ್ರಯೋಜನ?

ಜೀನ್ ಎಣಿಸುವುದು

ಟ್ರೈಜಾಲ್ ಹಾಕಿ ಆರ್‌ಎನ್‌ಎ ತೆಗೆಯುವುದು, ಡಿಎನೇಸ್ ಕೊಡುವುದು, ಅದರಿಂದ ಸಿಡಿಎನ್‌ಎ (ಆರ್‌ಎನ್‌ಎಯ ಡಿಎನ್‌ಎ ನಕಲು) ಮಾಡಿ ಕ್ಯುಪಿಸಿಆರ್ ಯಂತ್ರದಲ್ಲಿ ಅಳೆಯುವುದು ಎಲ್ಲ ಲ್ಯಾಬಿನಲ್ಲೂ ಒಂದೇ ಥರ. ನಿಮ್ಮ ಸೀನಿಯರ್ ಹೇಳಿಕೊಡುತ್ತಾರೆ. ನಾನು ತಕರಾರು ತೆಗೆಯುವುದು ರೆಫರೆನ್ಸ್ ಜೀನಿನ, ಅಂದರೆ ಉಳಿದವನ್ನು ಹೋಲಿಸಲು ಅಳತೆಗೋಲಾಗಿ ಇಡುವ ಜೀನಿನ, ವಿಷಯದಲ್ಲಿ. ಪ್ರತಿ ಲ್ಯಾಬಿನ ಫ್ರೀಜರಿನಲ್ಲೂ ಜಿಎಪಿಡಿಎಚ್ ಜೀನಿನ ಪ್ರೈಮರ್ (ಆ ಜೀನನ್ನು ಗುರುತಿಸಿ ಹಿಡಿಯುವ ಡಿಎನ್‌ಎ ತುಣುಕು) ಇದ್ದೇ ಇರುತ್ತದೆ, ಮಕ್ಕಳು ಅದನ್ನೇ ಎತ್ತಿಕೊಳ್ಳುತ್ತಾರೆ. ಎಲ್‌ಎನ್‌ಕ್ಯಾಪಿನಲ್ಲಿ ಆಂಡ್ರೋಜನ್ ಹಾಕಿದರೆ ಜಿಎಪಿಡಿಎಚ್ ತಾನೇ ಏರುತ್ತದೆ. ಅಳತೆಗೋಲೇ ಉದ್ದವಾದರೆ ಅಳೆದದ್ದೆಲ್ಲ ಗಿಡ್ಡವಾಗಿ ಕಾಣುತ್ತದೆ. ಆರ್‌ಪಿಎಲ್13ಎ, ಟಿಬಿಪಿ ಎರಡನ್ನೂ ನಿಮ್ಮ ಪ್ಲೇಟಿನಲ್ಲೇ ಪರೀಕ್ಷಿಸಿ, ಹಾರ್ಮೋನ್ ಇದ್ದರೂ ಇಲ್ಲದಿದ್ದರೂ ಕದಲದ್ದನ್ನು ಆರಿಸಿಕೊಳ್ಳಿ.

ಲೆಕ್ಕ ಸುಲಭ. ಸಿಟಿ ಎಂದರೆ ಜೀನ್ ಕಾಣಿಸಿಕೊಳ್ಳುವ ಹೊತ್ತಿಗೆ ಯಂತ್ರ ನಡೆಸಿದ ದ್ವಿಗುಣದ ಸುತ್ತುಗಳು; ಅದು ಕಡಿಮೆಯಾದಷ್ಟೂ ಜೀನ್ ಹೆಚ್ಚು. ಉದಾಹರಣೆಗೆ ಎಥನಾಲ್ ಗುಂಡಿಯಲ್ಲಿ ಕೆಎಲ್‌ಕೆ3ರ ಸಿಟಿ 24, ಡಿಎಚ್‌ಟಿ ಗುಂಡಿಯಲ್ಲಿ 20, ರೆಫರೆನ್ಸ್ ಎರಡರಲ್ಲೂ 18 ಎಂದಿಟ್ಟುಕೊಳ್ಳಿ. ವ್ಯತ್ಯಾಸ 6 ಇದ್ದದ್ದು 2 ಆಯಿತು, ಅಂದರೆ ನಾಲ್ಕು ಸಲ ದ್ವಿಗುಣ, 16 ಪಟ್ಟು ಏರಿಕೆ. ಪ್ರೈಮರಿನ ದಕ್ಷತೆ ಶೇ. 90ರಿಂದ 110ರೊಳಗೆ ಇದ್ದರೆ ಮಾತ್ರ ಈ ಲೆಕ್ಕ ನಿಲ್ಲುತ್ತದೆ. ಒಂದೇ ಪ್ಲೇಟಿನ ಮೂರು ಗುಂಡಿಯನ್ನು ‘ಎನ್ ಮೂರು’ ಎಂದು ಬರೆಯಬೇಡಿ. ಬೇರೆ ದಿನ, ಬೇರೆ ಪ್ಯಾಸೇಜಿನಲ್ಲಿ ಮೊದಲಿನಿಂದ ಮಾಡಿದ ಮೂರು ಪ್ರಯೋಗ ಬೇಕು.

ಏರುವ ಜೀನ್‌ಗಳನ್ನಷ್ಟೇ ನೋಡಿ ನಿಲ್ಲಿಸಿದರೆ ಚಿತ್ರ ಅರ್ಧ. ಕೆಎಲ್‌ಕೆ2, ಎನ್‌ಕೆಎಕ್ಸ್3.1 ಏರುವ ಸಾಲಿಗೆ ಸೇರಿದವು. ಇಳಿಯುವ ಸಾಲಿನಿಂದ ಯುಜಿಟಿ2ಬಿ17 ಮತ್ತು ಆಂಡ್ರೋಜನ್ ರಿಸೆಪ್ಟರಿನ ಜೀನನ್ನೇ ಸೇರಿಸಿಕೊಳ್ಳಿ. ರಿಸೆಪ್ಟರಿನ ಎಂಆರ್‌ಎನ್‌ಎ ಇಳಿಯುತ್ತಿರುವಾಗಲೇ ಪ್ರೋಟೀನ್ ತೋರಿಸುವ ವೆಸ್ಟರ್ನ್ ಬ್ಲಾಟಿನಲ್ಲಿ ರಿಸೆಪ್ಟರಿನ ಪಟ್ಟಿ ದಪ್ಪಗಾಗುವುದನ್ನು ನೋಡಿ ಸ್ಯಾಂಪಲ್ ಅದಲುಬದಲಾಯಿತೇನೋ ಎಂದುಕೊಳ್ಳುತ್ತಾರೆ. ಆಗಿರುವುದಿಲ್ಲ. ಹಾರ್ಮೋನ್ ಕೂತ ರಿಸೆಪ್ಟರ್ ಪ್ರೋಟೀನ್ ಬೇಗ ನಾಶವಾಗುವುದಿಲ್ಲ, ಹೊಸದಾಗಿ ತಯಾರಾಗುವುದು ಕಡಿಮೆಯಾದರೂ ಇದ್ದದ್ದು ಉಳಿಯುತ್ತದೆ. ಡಿಎಚ್‌ಟಿ ಟೆಸ್ಟೋಸ್ಟೆರಾನಿಗಿಂತ ಮೇಲುಗೈ ಸಾಧಿಸುವ ಒಂದು ಬಗೆಯೂ ಇದೇ.

ಜೀನ್ ಏರಿದ ಮಾತ್ರಕ್ಕೆ ರಿಸೆಪ್ಟರ್ ನೇರವಾಗಿ ಅದನ್ನು ಮುಟ್ಟಿದೆ ಎನ್ನಲಾಗದು, ನಡುವೆ ಇನ್ನೊಂದು ಪ್ರೋಟೀನ್ ಇರಬಹುದು. ಹಾರ್ಮೋನಿಗೆ ಅರ್ಧ ಗಂಟೆ ಮುಂಚೆ ಸೈಕ್ಲೋಹೆಕ್ಸಿಮೈಡ್ ಹಾಕಿ ಹೊಸ ಪ್ರೋಟೀನ್ ಆಗದಂತೆ ಮಾಡಿ 4 ಗಂಟೆಗೆ ನೋಡಿ. ಆಗಲೂ ಏರಿದರೆ ನೇರ ಸಂಬಂಧಕ್ಕೆ ಬಲ ಬರುತ್ತದೆ. ಸಮಯವೂ ದುಡ್ಡೂ ಇದ್ದರೆ ಚಿಪ್ (ರಿಸೆಪ್ಟರ್ ಡಿಎನ್‌ಎಯ ಯಾವ ಜಾಗದಲ್ಲಿ ಕೂತಿದೆ ಎಂದು ನೋಡುವ ಪರೀಕ್ಷೆ) ಮಾಡಿ. ಕೆಎಲ್‌ಕೆ3ಕ್ಕೆ ಪ್ರೈಮರನ್ನು ಜೀನಿನ ಬಾಗಿಲಲ್ಲಷ್ಟೇ ಇಡಬೇಡಿ, ಸುಮಾರು 4,000 ಅಕ್ಷರ ಹಿಂದಿರುವ ಎನ್‌ಹ್ಯಾನ್ಸರಿನಲ್ಲಿ (ಜೀನನ್ನು ದೂರದಿಂದ ಚುರುಕುಗೊಳಿಸುವ ಡಿಎನ್‌ಎ ಜಾಗ) ಇಡಿ. ಟಿಎಂಪಿಆರ್‌ಎಸ್‌ಎಸ್2ಕ್ಕೆ ಸುಮಾರು 13,000 ಅಕ್ಷರ ಹಿಂದೆ ಹೋಗಬೇಕು. ಎಫ್‌ಕೆಬಿಪಿ5ಕ್ಕೆ ಜಾಗ ಜೀನಿನ ಒಳಗೇ, ಪ್ರೋಟೀನಿಗೆ ಬಳಕೆಯಾಗದ ಇಂಟ್ರಾನ್ ಭಾಗಗಳಲ್ಲಿದೆ.

ಸಾಮಾನು ಉಳಿದಿದ್ದರೆ 11-ಕೀಟೋಟೆಸ್ಟೋಸ್ಟೆರಾನನ್ನೂ ಒಂದು ಸಾಲು ಹಾಕಿ. ಅಡ್ರಿನಲ್ ಗ್ರಂಥಿಯ ಕಚ್ಚಾಸಾಮಗ್ರಿಯಿಂದ ತಯಾರಾಗುವ ಈ ಆಂಡ್ರೋಜನ್ನನ್ನು ಬಹಳ ಕಾಲ ಯಾರೂ ಮೂಸಿ ನೋಡಿರಲಿಲ್ಲ. ರಿಸೆಪ್ಟರಿನ ಮೇಲೆ ಅದರ ಬಲ ಟೆಸ್ಟೋಸ್ಟೆರಾನಿನ ಆಸುಪಾಸಿನದು, ಕೋಶದೊಳಗೆ ಡಿಎಚ್‌ಟಿಗಿಂತ ನಿಧಾನವಾಗಿ ಖರ್ಚಾಗುತ್ತದೆ. ವೃಷಣದ ಹಾರ್ಮೋನ್ ನಿಲ್ಲಿಸಿದ ಮೇಲೂ ಕ್ಯಾನ್ಸರ್ ಯಾಕೆ ಮರುಕಳಿಸುತ್ತದೆ ಎಂದು ಹುಡುಕುವವರಿಗೆ ಈಗ ಇದರ ಮೇಲೆ ಕಣ್ಣು. ಅಂಥ ಗಡ್ಡೆಗಳು ಅಡ್ರಿನಲ್‌ನ ಆಂಡ್ರೋಸ್ಟೀನ್‌ಡಯೋನನ್ನು ತೆಗೆದುಕೊಂಡು, ಟೆಸ್ಟೋಸ್ಟೆರಾನಿನ ಹಾದಿ ತುಳಿಯದೆಯೇ ಡಿಎಚ್‌ಟಿ ಮಾಡಿಕೊಳ್ಳಬಲ್ಲವು ಎಂದು 2011ರಲ್ಲಿ ಪ್ರಕಟವಾಗಿದೆ.

ಕೊನೆಗೆ ರಿಪೋರ್ಟು. ಪ್ಲೇಟಿನಲ್ಲಿರುವುದು ಎಪಿಥೀಲಿಯಲ್ (ಗ್ರಂಥಿಯ ಒಳಪದರದ) ಕ್ಯಾನ್ಸರ್ ಕೋಶ ಮಾತ್ರ. ಗ್ರಂಥಿಯಲ್ಲಿ ಸುತ್ತಲೂ ಸ್ಟ್ರೋಮಾ ಎಂಬ ಆಧಾರ ಅಂಗಾಂಶ ಇರುತ್ತದೆ, ಕಿಣ್ವದ ಎರಡನೇ ಬಗೆ ಬಹುಪಾಲು ಅಲ್ಲೇ ಇರುತ್ತದೆ. ಆದ್ದರಿಂದ ‘ಪ್ರಾಸ್ಟೇಟಿನಲ್ಲಿ ಡಿಎಚ್‌ಟಿ ಹೀಗೆ ಮಾಡುತ್ತದೆ’ ಎಂದು ಬರೆದರೆ ನಾನು ಹೊಡೆದುಹಾಕುತ್ತೇನೆ. ‘ಸ್ಟೆರಾಯ್ಡ್ ಸೋಸಿದ ಸೀರಮ್ಮಿನಲ್ಲಿ 72 ಗಂಟೆ ಇಟ್ಟ ಎಲ್‌ಎನ್‌ಕ್ಯಾಪಿನಲ್ಲಿ, 1 ನ್ಯಾನೋಮೋಲಾರ್ ಟೆಸ್ಟೋಸ್ಟೆರಾನಿಗೆ 4 ಗಂಟೆಯಲ್ಲಿ ಎಫ್‌ಕೆಬಿಪಿ5 ಇಷ್ಟು ಪಟ್ಟು ಏರಿತು, ಡ್ಯುಟಾಸ್ಟರೈಡ್ ಜೊತೆ ಇಷ್ಟು ಪಟ್ಟು, ಆ ಹೊತ್ತಿಗೆ ಮೀಡಿಯಾದಲ್ಲಿ ಟೆಸ್ಟೋಸ್ಟೆರಾನ್ ಇಷ್ಟು, ಡಿಎಚ್‌ಟಿ ಇಷ್ಟು ಇತ್ತು’ ಎಂದು ಬರೆಯಿರಿ. ಉದ್ದವಾಯಿತು ಎಂದು ಗೈಡ್ ಗೊಣಗಿದರೆ ಸೀರಮ್ಮಿನ ಮಾತನ್ನು ಕೆಳಗಿನ ವಿವರಣೆಗೆ ಸರಿಸಬಹುದು, ಉಳಿದದ್ದನ್ನು ಮುಟ್ಟಬೇಡಿ.